ಅರಣ್ಯ ಕ್ಷೇತ್ರ ಕೇಂದ್ರದಲ್ಲಿ ಸಂಶೋಧನೆ ಮಾಡುವುದು ಹೇಗೆ: ಮೊದಲ ಪ್ರಶ್ನೆಯಿಂದ ಕೊನೆಯ ಕಡತದವರೆಗೆ

ವಿಶ್ವವಿದ್ಯಾಲಯದ ಅರಣ್ಯ ಕ್ಷೇತ್ರ ಕೇಂದ್ರಕ್ಕೆ ಮೊದಲ ಸಲ ಹೋದವರ ಕಣ್ಣಿಗೆ ಬೀಳುವುದು ಪ್ರಯೋಗಾಲಯ, ವಸತಿ ಕೋಣೆಗಳು, ಹವಾಮಾನ ಅಳೆಯುವ ಗೋಪುರ. ಕೇಂದ್ರದ ದೊಡ್ಡ ಆಸ್ತಿ ಇರುವುದು ಬೇರೆ ಕಡೆ. ಹಿಂದೆ ಯಾರೋ ಅಳೆದು ನಂಬರ್ ಹೊಡೆದ ಮರಗಳು ಇನ್ನೂ ಕಾಡಿನಲ್ಲಿ ನಿಂತಿವೆ. ಅವುಗಳ ಹಳೆಯ ಅಳತೆಗಳು ಕಪಾಟಿನಲ್ಲಿವೆ. ಈ ಎರಡೂ ಒಟ್ಟಿಗೆ ಸಿಗುವ ಜಾಗಗಳು ತುಂಬ ಕಡಿಮೆ.

ಅಮೆರಿಕದ ಹಾರ್ವರ್ಡ್ ಫಾರೆಸ್ಟ್ 1907ರಿಂದ, ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಹ್ಯೂಟಿಯಾಲಾ ಕೇಂದ್ರ 1910ರಿಂದ ನಡೆಯುತ್ತಿವೆ. ಆರೆಗಾನ್‌ನ ಎಚ್.ಜೆ. ಆಂಡ್ರೂಸ್ ಪ್ರಾಯೋಗಿಕ ಕಾಡಿನಲ್ಲಿ ಬಿದ್ದ ದಿಮ್ಮಿಗಳು ಹೇಗೆ ಕೊಳೆಯುತ್ತವೆ ಎಂದು ನೋಡುವ ಪ್ರಯೋಗ 1985ರಲ್ಲಿ ಶುರುವಾಯಿತು. ಅದಕ್ಕೆ ಇಟ್ಟುಕೊಂಡಿರುವ ಅವಧಿ 200 ವರ್ಷ. ಶುರು ಮಾಡಿದವರು ಯಾರೂ ಅದರ ಕೊನೆಯ ಅಳತೆ ನೋಡುವುದಿಲ್ಲ.

ನಿಮ್ಮ ಅಧ್ಯಯನ ಎರಡೇ ವರ್ಷದ್ದಿರಬಹುದು. ಆದರೂ ಈ ಮಾರ್ಗದರ್ಶಿಯ ಪ್ರತಿ ಹಂತದಲ್ಲೂ ನಾನು ಒಂದೇ ಒಂದು ಪರೀಕ್ಷೆ ಇಟ್ಟಿದ್ದೇನೆ. ನಿಮ್ಮನ್ನು ನೋಡೇ ಇರದ ಒಬ್ಬರು ಇಪ್ಪತ್ತು ವರ್ಷದ ಮೇಲೆ ನಿಮ್ಮ ಹಾಳೆ ಹಿಡಿದು ಬಂದರೆ, ಅದೇ ಮರದ ಅದೇ ಜಾಗಕ್ಕೆ ಟೇಪು ಸುತ್ತಲು ಅವರಿಗೆ ಆಗಬೇಕು. ಯಾವ ಕೆಲಸಕ್ಕೆ ಎಷ್ಟು ಸಮಯ ಕೊಡಬೇಕು ಎಂಬ ಗೊಂದಲ ಬಂದಾಗ ಈ ಪರೀಕ್ಷೆಯನ್ನೇ ಕೇಳಿ.

ಹಂತ 1: ಕಾಡಿಗೆ ಹೋಗುವ ಮೊದಲು ಕಡತ ಓದಿ

ಕೇಂದ್ರಕ್ಕೆ ಬಂದ ದಿನವೇ ಟೇಪು ಹಿಡಿದು ಹೊರಡಬೇಡಿ. ಮೊದಲು ಹಳೆಯ ನಕ್ಷೆಗಳನ್ನು ಕೇಳಿ. ನೀವು ಆರಿಸಿದ ಜಾಗದಲ್ಲಿ ಯಾವಾಗ ಮರ ಕಡಿದಿದ್ದರು, ಬೆಂಕಿ ಬಿದ್ದಿತ್ತಾ, ನೆಟ್ಟ ಕಾಡಾ ತಾನಾಗಿ ಬೆಳೆದದ್ದಾ, ದನ ಮೇಯುತ್ತಿದ್ದವಾ ಎಂಬುದೆಲ್ಲ ಗೊತ್ತಾಗಬೇಕು. ಹಾರ್ವರ್ಡ್ ಫಾರೆಸ್ಟಿನಲ್ಲಿ ದಟ್ಟ ಮರಗಳ ನಡುವೆ ಕಲ್ಲಿನ ಗೋಡೆಗಳು ಹಾದುಹೋಗುತ್ತವೆ. ಈಗ ಕಾಡಾಗಿರುವ ಆ ನೆಲದ ಬಹುಪಾಲು 19ನೇ ಶತಮಾನದಲ್ಲಿ ಹೊಲ, ಹುಲ್ಲುಗಾವಲು ಆಗಿತ್ತು. ಉಳುಮೆ ಮಾಡಿದ ಮಣ್ಣಿನ ಗುಣ ಕಾಡು ಮರಳಿದ ಎಷ್ಟೋ ಕಾಲದವರೆಗೆ ಹಾಗೇ ಉಳಿಯುತ್ತದೆ. ಇದನ್ನು ತಿಳಿಯದೆ ಎರಡು ಪ್ಲಾಟ್ (ಅಳತೆಗೆಂದು ಗಡಿ ಗುರುತಿಸಿದ ತುಂಡು ಜಾಗ) ಹೋಲಿಸಿದರೆ, ನೀವು ಮರಗಳ ವ್ಯತ್ಯಾಸ ಎಂದುಕೊಂಡದ್ದು ಹಳೆಯ ನೇಗಿಲಿನ ವ್ಯತ್ಯಾಸ ಆಗಿರಬಹುದು.

ಎರಡನೆಯದು, ಈಗ ನಡೆಯುತ್ತಿರುವ ಪ್ರಯೋಗಗಳ ನಕ್ಷೆ. ಕೇಂದ್ರದ ಕಾಡಿನಲ್ಲಿ ಖಾಲಿ ಕಾಣುವ ಜಾಗ ಖಾಲಿ ಇರಬೇಕೆಂದೇನಿಲ್ಲ. ಯಾರೋ ಹತ್ತು ವರ್ಷದಿಂದ ಮಣ್ಣಿನ ಉಸಿರಾಟ (ಮಣ್ಣಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್) ಅಳೆಯುತ್ತಿರುವ ಜಾಗದಲ್ಲಿ ನೀವು ನಾಲ್ಕು ಸಲ ಓಡಾಡಿದರೆ ಸಾಕು, ನೆಲ ಗಟ್ಟಿಯಾಗಿ ಅವರ ಅಂಕಿಗಳು ಕೆಡುತ್ತವೆ. ಗೊಬ್ಬರ ಹಾಕಿದ ಪ್ಲಾಟಿನಿಂದ ಇಳಿಜಾರಿನ ಕೆಳಗೆ ನಿಮ್ಮ ಪ್ಲಾಟ್ ಇದ್ದರೆ ಆ ಗೊಬ್ಬರ ನಿಮ್ಮಲ್ಲಿಗೂ ಹರಿದು ಬರುತ್ತದೆ.

ಮೂರನೆಯದು, ಕೇಂದ್ರದ ಕ್ಷೇತ್ರ ಸಹಾಯಕರ ಜೊತೆ ಒಂದು ಪೂರ್ತಿ ದಿನ ಕಾಡು ಸುತ್ತಿ. ಯಾವ ಹಳ್ಳ ಮಳೆಗಾಲದಲ್ಲಿ ದಾಟಲು ಆಗುವುದಿಲ್ಲ, ಯಾವ ದಿಬ್ಬದಲ್ಲಿ ಗಾಳಿಗೆ ಮರ ಬೀಳುತ್ತದೆ, ಎಲೆ ಉದುರಿದಾಗ ಯಾವ ಮರವನ್ನು ಯಾವುದೆಂದು ಗುರುತಿಸುವುದು ಎಂಬುದು ನಕ್ಷೆಯಲ್ಲಿ ಇರುವುದಿಲ್ಲ. ಅವರಿಂದ ಕಲಿತದ್ದನ್ನು ಬರೆದುಕೊಳ್ಳಿ. ಪ್ರಬಂಧ ಬರೆಯುವಾಗ ಅವರ ಹೆಸರು ಮರೆಯಬೇಡಿ.

ಹಂತ 2: ಪ್ರಶ್ನೆಯನ್ನು ಅಳೆಯುವಷ್ಟು ಚಿಕ್ಕದು ಮಾಡಿ

"ಥಿನ್ನಿಂಗ್ (ಕೆಲವು ಮರ ಕಡಿದು ಉಳಿದವಕ್ಕೆ ಜಾಗ ಬಿಡುವುದು) ಮಾಡಿದರೆ ಕಾಡಿಗೆ ಒಳ್ಳೆಯದಾ?" ಎಂಬುದು ಒಳ್ಳೆಯ ಕುತೂಹಲ, ಆದರೆ ಸಂಶೋಧನೆಯ ಪ್ರಶ್ನೆಯಾಗಿ ಇನ್ನೂ ತಯಾರಾಗಿಲ್ಲ. "ಮೂರರಲ್ಲಿ ಒಂದು ಮರ ತೆಗೆದ ಮೇಲೆ, ಉಳಿದ ಮರಗಳ ವ್ಯಾಸ ಐದು ವರ್ಷದಲ್ಲಿ ಎಷ್ಟು ಹೆಚ್ಚುತ್ತದೆ, ಮುಟ್ಟದೆ ಬಿಟ್ಟ ಪ್ಲಾಟಿಗಿಂತ ಅದು ಜಾಸ್ತಿಯಾ?" ಎಂದು ಬರೆದಾಗ ಏನು ಅಳೆಯಬೇಕು, ಎಲ್ಲಿ, ಎಷ್ಟು ಸಲ ಎಂಬುದು ತಾನಾಗಿ ಗೊತ್ತಾಗುತ್ತದೆ.

ಇಲ್ಲೇ ಇನ್ನೊಂದು ಲೆಕ್ಕ ಹಾಕಿ. ನೀವು ಹುಡುಕುತ್ತಿರುವ ಬದಲಾವಣೆ ದೊಡ್ಡದಾ, ನಿಮ್ಮ ಅಳತೆಯ ತಪ್ಪು ದೊಡ್ಡದಾ? ಮರದ ವ್ಯಾಸ ವರ್ಷಕ್ಕೆ 3 ಮಿ.ಮೀ. ಹೆಚ್ಚುತ್ತದೆ ಎಂದುಕೊಳ್ಳಿ. ಟೇಪಿನಲ್ಲಿ ಇಬ್ಬರು ಅಳೆದಾಗ 2 ಮಿ.ಮೀ. ವ್ಯತ್ಯಾಸ ಬಂದರೆ, ಒಂದು ವರ್ಷದ ಬೆಳವಣಿಗೆಯನ್ನು ಟೇಪಿನಿಂದ ಹೇಳಲು ಹೋಗಬಾರದು. ಒಂದೋ ಐದು ವರ್ಷ ಬಿಟ್ಟು ಅಳೆಯಬೇಕು, ಇಲ್ಲವೇ ಮರಕ್ಕೆ ಬೆಳವಣಿಗೆ ಅಳೆಯುವ ಲೋಹದ ಪಟ್ಟಿ (ಬ್ಯಾಂಡ್) ಕಟ್ಟಬೇಕು. ಈ ಲೆಕ್ಕವನ್ನು ಮೊದಲೇ ಮಾಡದವರು ಎರಡು ವರ್ಷದ ಶ್ರಮದ ಕೊನೆಯಲ್ಲಿ ಮಾಡುತ್ತಾರೆ. ಅದನ್ನು ನೋಡಲು ನನಗೆ ನಿಜಕ್ಕೂ ಬೇಸರವಾಗುತ್ತದೆ.

ಹಂತ 3: ಅನುಮತಿ

ಕೇಂದ್ರದ ಒಪ್ಪಿಗೆ, ಜಮೀನು ಯಾರ ಸುಪರ್ದಿಯಲ್ಲಿದೆಯೋ ಅವರ ಒಪ್ಪಿಗೆ, ಪ್ರಾಣಿಗಳನ್ನು ಹಿಡಿಯುವುದಿದ್ದರೆ ನೈತಿಕ ಸಮಿತಿಯ ಒಪ್ಪಿಗೆ, ಮಣ್ಣು ಅಥವಾ ಗಿಡದ ಮಾದರಿ ದೇಶದಿಂದ ಹೊರಗೆ ಕಳಿಸುವುದಿದ್ದರೆ ಅದಕ್ಕೆ ಬೇರೆ ಪರವಾನಗಿ. ಇವೆಲ್ಲ ಒಂದೇ ಕಡೆ ಸಿಗುವುದಿಲ್ಲ, ಸಮಯವೂ ಹಿಡಿಯುತ್ತದೆ. ಎಲೆ ಚಿಗುರುವ ಕಾಲಕ್ಕೆ ಕೆಲಸ ಶುರುವಾಗಬೇಕಿದ್ದರೆ ಅರ್ಜಿ ಹಿಂದಿನ ಋತುವಿನಲ್ಲೇ ಹೋಗಿರಬೇಕು. ಅರ್ಜಿಯಲ್ಲಿ ಎಷ್ಟು ಮರಕ್ಕೆ ಮೊಳೆ ಹೊಡೆಯುತ್ತೀರಿ, ಎಷ್ಟು ಗುಂಡಿ ತೋಡುತ್ತೀರಿ, ಕೊನೆಗೆ ಏನನ್ನು ಕಿತ್ತು ತೆಗೆಯುತ್ತೀರಿ ಎಂದು ಸ್ಪಷ್ಟವಾಗಿ ಬರೆಯಿರಿ.

ಹಂತ 4: ವಿನ್ಯಾಸ

ನನ್ನ ಮಟ್ಟಿಗೆ ಇಡೀ ಅಧ್ಯಯನದ ಹಣೆಬರಹ ಇಲ್ಲಿ ತೀರ್ಮಾನವಾಗುತ್ತದೆ. ಅಳತೆ ತಪ್ಪಾದರೆ ಮತ್ತೆ ಅಳೆಯಬಹುದು. ವಿನ್ಯಾಸ ತಪ್ಪಾದರೆ ಯಾವ ಅಂಕಿಅಂಶ ತಂತ್ರವೂ ಕೈಹಿಡಿಯುವುದಿಲ್ಲ.

ತುಂಬ ಸಾಮಾನ್ಯವಾದ ತಪ್ಪನ್ನು ನೋಡೋಣ. ಒಬ್ಬರು ಥಿನ್ನಿಂಗ್ ಮಾಡಿದ ಒಂದು ತುಂಡು ಕಾಡಿನಲ್ಲಿ 50 ಮರ, ಮಾಡದ ಒಂದು ತುಂಡಿನಲ್ಲಿ 50 ಮರ ಅಳೆಯುತ್ತಾರೆ. ಹೋಲಿಸಿ, ವ್ಯತ್ಯಾಸ ಇದೆ ಎನ್ನುತ್ತಾರೆ. ಆದರೆ ಥಿನ್ನಿಂಗ್ ಆದದ್ದು ಒಂದು ಸಲ, ಒಂದು ಜಾಗದಲ್ಲಿ. ಆ ಜಾಗದ ಮಣ್ಣು ಮೊದಲೇ ಚೆನ್ನಾಗಿದ್ದಿರಬಹುದು, ನೀರು ಹತ್ತಿರ ಇದ್ದಿರಬಹುದು. 50 ಮರ ಅಳೆದರೂ, 500 ಅಳೆದರೂ, ಪ್ರಯೋಗ ನಡೆದದ್ದು ಒಂದೇ ಸಲ. 1984ರಲ್ಲಿ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ ಇದಕ್ಕೆ ಸೂಡೋರೆಪ್ಲಿಕೇಶನ್ (ಹುಸಿ ಪುನರಾವರ್ತನೆ) ಎಂದು ಹೆಸರಿಟ್ಟು, ಪ್ರಕಟವಾದ ಎಷ್ಟೊಂದು ಪ್ರಬಂಧಗಳಲ್ಲಿ ಇದು ಇದೆ ಎಂದು ತೋರಿಸಿದರು. ಈಗಲೂ ಇದು ನಿಂತಿಲ್ಲ.

ಸರಿಯಾದ ದಾರಿ ಹೀಗೆ. ಕಾಡನ್ನು ಮಣ್ಣು, ಇಳಿಜಾರು, ಮರಗಳ ವಯಸ್ಸಿನ ಪ್ರಕಾರ ಬ್ಲಾಕ್‌ಗಳಾಗಿ ವಿಂಗಡಿಸಿ. ಒಂದು ಬ್ಲಾಕಿನ ಒಳಗೆ ಎಲ್ಲವೂ ಆದಷ್ಟು ಒಂದೇ ಥರ ಇರಲಿ. ಪ್ರತಿ ಬ್ಲಾಕಿನಲ್ಲೂ ಥಿನ್ನಿಂಗ್ ಮಾಡುವ ಒಂದು ಪ್ಲಾಟ್, ಮಾಡದ ಒಂದು ಪ್ಲಾಟ್ ಬರಲಿ. ಯಾವುದಕ್ಕೆ ಯಾವುದು ಎಂಬುದನ್ನು ಯಾದೃಚ್ಛಿಕ ಸಂಖ್ಯೆಯೇ ನಿರ್ಧರಿಸಲಿ. ಇಲ್ಲಿ ಕಣ್ಣಂದಾಜು ಬೇಡ. ಗೊತ್ತಿಲ್ಲದೆಯೇ ನಮ್ಮ ಕೈ ಚೆಂದದ ಮರಗಳಿರುವ, ನಡೆಯಲು ಸುಲಭವಾದ ಜಾಗದ ಕಡೆಗೇ ಹೋಗುತ್ತದೆ. ಮುಳ್ಳುಪೊದೆ ಇರುವ ಮೂಲೆಯೂ ಕಾಡೇ ಅಲ್ವಾ?

ಎಷ್ಟು ಪ್ಲಾಟ್ ಬೇಕು? ಮೊದಲು ನಾಲ್ಕಾರು ಪ್ಲಾಟಿನಲ್ಲಿ ಪ್ರಾಯೋಗಿಕವಾಗಿ ಅಳೆದು, ಪ್ಲಾಟಿನಿಂದ ಪ್ಲಾಟಿಗೆ ಎಷ್ಟು ಏರುಪೇರಿದೆ ನೋಡಿ. ಒಂದು ವಿಷಯ ನೆನಪಿಡಿ: ಸರಾಸರಿಯ ಅನಿಶ್ಚಿತತೆಯನ್ನು ಅರ್ಧಕ್ಕೆ ಇಳಿಸಬೇಕಿದ್ದರೆ ಪ್ಲಾಟುಗಳು ಎರಡು ಪಟ್ಟಾದರೆ ಸಾಲದು, ನಾಲ್ಕು ಪಟ್ಟಾಗಬೇಕು. ಸಮಯ ಸೀಮಿತವಾಗಿದ್ದರೆ ಒಂದೇ ಪ್ಲಾಟಿನಲ್ಲಿ ಇನ್ನಷ್ಟು ಮರ ಅಳೆಯುವುದಕ್ಕಿಂತ ಇನ್ನೊಂದು ಪ್ಲಾಟ್ ಹಾಕುವುದೇ ಮೇಲು.

ಪ್ಲಾಟಿನ ಸುತ್ತ ಅಂಚುಪಟ್ಟಿ ಬಿಡಿ. ಥಿನ್ನಿಂಗ್ ಮಾಡುವುದಾದರೆ ಆ ಪಟ್ಟಿಯಲ್ಲೂ ಮಾಡಬೇಕು, ಆದರೆ ಅಲ್ಲಿನ ಮರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಪಕ್ಕದ ಮುಟ್ಟದ ಕಾಡಿನ ನೆರಳು, ಬೇರು ಒಳಗೆ ಬರುವುದರಿಂದ ಪಟ್ಟಿಯ ಅಗಲ ಕನಿಷ್ಠ ಒಂದು ಮರದ ಎತ್ತರದಷ್ಟು ಇದ್ದರೆ ಒಳ್ಳೆಯದು.

ಹಂತ 5: ಪ್ಲಾಟ್ ಹಾಕುವುದು

20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ ಬಹಳ ಕಡೆ ಬಳಕೆಯಲ್ಲಿದೆ. 25 ಚೌಕ ಸೇರಿದರೆ ಒಂದು ಹೆಕ್ಟೇರ್. ದುಂಡು ಪ್ಲಾಟ್ ಬೇಕಿದ್ದರೆ 11.28 ಮೀಟರ್ ತ್ರಿಜ್ಯಕ್ಕೆ ಅದೇ 400 ಚದರ ಮೀಟರ್ ಬರುತ್ತದೆ. ದುಂಡಗಿನದು ಬೇಗ ಹಾಕಬಹುದು, ನಡುವೆ ಒಂದೇ ಗೂಟ ಸಾಕು. ಮತ್ತೆ ಮತ್ತೆ ಬಂದು ಅಳೆಯುವ ಶಾಶ್ವತ ಪ್ಲಾಟಿಗೆ ನಾನು ಚೌಕವನ್ನೇ ಆರಿಸುತ್ತೇನೆ. ಅದನ್ನು ಸಣ್ಣ ಚೌಕಗಳಾಗಿ ಒಡೆದು ಒಂದೊಂದಾಗಿ ಮುಗಿಸಬಹುದು. ಯಾವ ಮರವೂ ಬಿಟ್ಟುಹೋಗುವುದಿಲ್ಲ.

ಇಳಿಜಾರಿನಲ್ಲಿ ಎಚ್ಚರ ಬೇಕು. ಪ್ಲಾಟಿನ ವಿಸ್ತೀರ್ಣ ಎಂದರೆ ಸಮತಲದ ವಿಸ್ತೀರ್ಣ. ನೆಲಕ್ಕೆ ಒರಗಿಸಿ 20 ಮೀಟರ್ ಅಳೆದರೆ ಸಮತಲದಲ್ಲಿ ಅದು ಕಡಿಮೆಯಾಗುತ್ತದೆ. 20 ಡಿಗ್ರಿ ಇಳಿಜಾರಿದ್ದರೆ ನೆಲದ ಮೇಲೆ 21.28 ಮೀಟರ್, 30 ಡಿಗ್ರಿ ಇದ್ದರೆ 23.09 ಮೀಟರ್ ಹೋಗಬೇಕು. 20ನ್ನು ಇಳಿಜಾರಿನ ಕೋನದ ಕೊಸೈನಿನಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ನೆಲ ಏರಿಳಿತವಾಗಿದ್ದರೆ ಐದೈದು ಮೀಟರ್ ತುಂಡಾಗಿ, ಟೇಪನ್ನು ಸಮತಲವಾಗಿ ಹಿಡಿದು ಅಳೆಯಿರಿ.

ಮೂಲೆಗಳಿಗೆ ಕೊಳೆಯದ ಗೂಟ ಹಾಕಿ. ಜಿಪಿಎಸ್ ಓದಿಕೆ ಬರೆದುಕೊಳ್ಳಿ, ಆದರೆ ಅದನ್ನೇ ನಂಬಿ ಕೂರಬೇಡಿ. ದಟ್ಟ ಮರಗಳ ಕೆಳಗೆ ಸಾಮಾನ್ಯ ಜಿಪಿಎಸ್ 5ರಿಂದ 10 ಮೀಟರ್ ಆಚೀಚೆ ತೋರಿಸುವುದು ಮಾಮೂಲಿ. ಅಂದರೆ ಪ್ಲಾಟಿನ ಅರ್ಧದಷ್ಟು ದೂರ. ಆದ್ದರಿಂದ ಪ್ರತಿ ಮೂಲೆಗೂ ಹತ್ತಿರದ ಎರಡು ದೊಡ್ಡ ಮರ ಅಥವಾ ಬಂಡೆ ಆರಿಸಿ, ಅವುಗಳಿಂದ ಗೂಟಕ್ಕೆ ಇರುವ ದೂರ ಮತ್ತು ದಿಕ್ಕನ್ನು ಬರೆಯಿರಿ. ದಿಕ್ಸೂಚಿಯ ಓದಿಕೆ ಕಾಂತೀಯ ಉತ್ತರದ್ದಾ, ನಿಜ ಉತ್ತರದ್ದಾ ಎಂಬುದನ್ನೂ ಬರೆಯಿರಿ. ಕಾಂತೀಯ ಉತ್ತರ ವರ್ಷ ಕಳೆದಂತೆ ಸರಿಯುತ್ತದೆ. ಇವತ್ತು ಸಣ್ಣದೆನಿಸುವ ಈ ಟಿಪ್ಪಣಿ ಮುಂದೆ ಬರುವವರ ಒಂದು ದಿನದ ಹುಡುಕಾಟ ಉಳಿಸುತ್ತದೆ.

ಹಂತ 6: ಮರದ ವ್ಯಾಸ ಅಳೆಯುವುದು

ಇದನ್ನು ನಿಧಾನವಾಗಿ ಓದಿ. ಅರಣ್ಯ ಸಂಶೋಧನೆಯಲ್ಲಿ ಇಷ್ಟು ಸರಳವಾಗಿ ಕಾಣುವ, ಇಷ್ಟು ಜನ ತಪ್ಪು ಮಾಡುವ ಕೆಲಸ ಇನ್ನೊಂದಿಲ್ಲ.

ಮರದ ವ್ಯಾಸವನ್ನು ಎದೆಯೆತ್ತರದಲ್ಲಿ ಅಳೆಯುತ್ತಾರೆ. ಹೆಚ್ಚಿನ ದೇಶಗಳಲ್ಲಿ ಅದು ನೆಲದಿಂದ 1.3 ಮೀಟರ್. ಅಮೆರಿಕದಲ್ಲಿ ನಾಲ್ಕೂವರೆ ಅಡಿ, ಅಂದರೆ 1.37 ಮೀಟರ್. ನಿಮ್ಮ ಕೇಂದ್ರ ಹಿಂದಿನಿಂದ ಯಾವುದನ್ನು ಬಳಸಿದೆಯೋ ಅದನ್ನೇ ಬಳಸಿ. ನಿಮ್ಮ ಎದೆಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ, ಸರಿಯಾಗಿ 1.3 ಮೀಟರ್ ಉದ್ದದ ಒಂದು ಕೋಲು ಕತ್ತರಿಸಿ ಇಟ್ಟುಕೊಳ್ಳಿ. ಕೋಲನ್ನು ತರಗೆಲೆಯ ಮೇಲೆ ಇಡಬಾರದು. ತರಗೆಲೆ ಸರಿಸಿ, ಮಣ್ಣಿಗೆ ತಾಗಿಸಿ ನಿಲ್ಲಿಸಿ.

ಟೇಪು ಸುತ್ತುವ ಮೊದಲು ಅಲ್ಲಿರುವ ಪಾಚಿ, ಸಡಿಲ ತೊಗಟೆಯನ್ನು ಕೈಯಿಂದ ಒರೆಸಿ. ಬಳ್ಳಿ ಹಬ್ಬಿದ್ದರೆ ಎತ್ತಿ ಅದರ ಅಡಿಯಲ್ಲಿ ಟೇಪು ತೂರಿಸಿ. ಬಳ್ಳಿಯ ಮೇಲಿಂದ ಸುತ್ತಬೇಡಿ, ಕಡಿಯಲೂ ಬೇಡಿ. ಟೇಪು ಕಾಂಡಕ್ಕೆ ಲಂಬವಾಗಿರಬೇಕು, ಬಿಗಿಯಾಗಿರಬೇಕು, ಮರದ ಹಿಂಬದಿಯಲ್ಲಿ ಜಾರಿರಬಾರದು. ಒಮ್ಮೆ ಹಿಂದೆ ಹೋಗಿ ನೋಡಿ ಬನ್ನಿ. ಟೇಪು ಓರೆಯಾದರೂ, ಸಡಿಲವಾದರೂ ಅಳತೆ ಯಾವಾಗಲೂ ಜಾಸ್ತಿಯೇ ಬರುತ್ತದೆ. ಕಡಿಮೆ ಬರುವುದಿಲ್ಲ. ಹೀಗಾಗಿ ನೂರು ಮರ ಅಳೆದರೂ ಈ ತಪ್ಪುಗಳು ಒಂದನ್ನೊಂದು ಸರಿದೂಗಿಸುವುದಿಲ್ಲ.

ಕೆಲವು ಟೇಪುಗಳಲ್ಲಿ ವ್ಯಾಸವೇ ನೇರವಾಗಿ ಓದುವಂತೆ ಗುರುತುಗಳಿರುತ್ತವೆ. ಸಾಮಾನ್ಯ ಟೇಪಿನಲ್ಲಿ ಸಿಗುವುದು ಸುತ್ತಳತೆ. ಅದನ್ನು 3.1416ರಿಂದ ಭಾಗಿಸಬೇಕು. 94.2 ಸೆಂ.ಮೀ. ಸುತ್ತಳತೆಯ ಮರದ ವ್ಯಾಸ 30 ಸೆಂ.ಮೀ. ಯಾವ ಟೇಪು ಬಳಸಿದಿರಿ ಎಂಬುದನ್ನು ಹಾಳೆಯ ಮೇಲ್ಗಡೆ ಬರೆಯದಿದ್ದರೆ, ಮುಂದೆ ಆ ಅಂಕಣ ವ್ಯಾಸದ್ದಾ ಸುತ್ತಳತೆಯದ್ದಾ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಎಲ್ಲ ಮರವೂ ಕಂಬದಂತೆ ನೆಟ್ಟಗಿರುವುದಿಲ್ಲ. ಇಳಿಜಾರಿನಲ್ಲಿರುವ ಮರಕ್ಕೆ ಮೇಲ್ಬದಿಯ ನೆಲದಿಂದ 1.3 ಮೀಟರ್ ತೆಗೆದುಕೊಳ್ಳಿ. ಒರಗಿದ ಮರವಾದರೆ ಅದು ಬಾಗಿರುವ ಒಳಬದಿಯಲ್ಲಿ, ಕಾಂಡದ ಉದ್ದಕ್ಕೇ ಕೋಲು ಇಟ್ಟು ಅಳೆಯಿರಿ. 1.3 ಮೀಟರಿಗಿಂತ ಕೆಳಗೆ ಕವಲೊಡೆದಿದ್ದರೆ ಪ್ರತಿ ಕವಲನ್ನೂ ಬೇರೆಯಾಗಿ ಅಳೆದು, ಒಂದೇ ಮರದ ಕವಲುಗಳು ಎಂದು ಗುರುತಿಸಿ. ಅಳೆಯುವ ಜಾಗದಲ್ಲೇ ಗಂಟು ಇದ್ದರೆ, ಕಾಂಡ ಸಹಜವಾಗಿರುವ ಹತ್ತಿರದ ಜಾಗಕ್ಕೆ ಸರಿದು, ಆ ಎತ್ತರವನ್ನು ಬರೆಯಿರಿ. ಹಲಗೆಯಂಥ ಆನಿಕೆ ಬೇರುಗಳು ಎದ್ದಿದ್ದರೆ ಅವು ಮುಗಿಯುವಲ್ಲಿಂದ ಅರ್ಧ ಮೀಟರ್ ಮೇಲೆ ಅಳೆಯುವುದು ರೂಢಿ. ಏಣಿ ಬೇಕಾಗಬಹುದು. ಬೇರುಗಳ ಮೇಲಿಂದಲೇ ಟೇಪು ಸುತ್ತಿದರೆ ಬರುವ ಅಂಕಿಗೂ ಮರದ ಗಾತ್ರಕ್ಕೂ ಸಂಬಂಧವಿರುವುದಿಲ್ಲ.

ಅಳೆದ ಜಾಗಕ್ಕೆ ಬಣ್ಣದ ಗೆರೆ ಎಳೆಯಿರಿ. ಅಧ್ಯಯನ ದೀರ್ಘಕಾಲದ್ದಾದರೆ ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ನಂಬರಿನ ಟ್ಯಾಗನ್ನು ಗೆರೆಯ ಹತ್ತಿರ ಹೊಡೆದರೆ ಮೊಳೆಯ ಸುತ್ತ ಕಾಂಡ ಊದಿಕೊಂಡು ಅಳತೆ ಕೆಡುತ್ತದೆ. 30 ಸೆಂ.ಮೀ. ಮೇಲೆ ಹೊಡೆಯಿರಿ. ಅಲ್ಯೂಮಿನಿಯಂ ಮೊಳೆಯೇ ಇರಲಿ. ಮೆದು ಲೋಹವಾದ್ದರಿಂದ ಮುಂದೆ ಗರಗಸಕ್ಕೆ ಸಿಕ್ಕರೂ ಅಪಾಯ ಕಡಿಮೆ. ಮೊಳೆಯನ್ನು ಪೂರ್ತಿ ಒಳಗೆ ಹೊಡೆಯದೆ ಸ್ವಲ್ಪ ಹೊರಗೆ ಬಿಡಿ. ಇಲ್ಲದಿದ್ದರೆ ಬೆಳೆಯುವ ಮರ ಟ್ಯಾಗನ್ನೇ ನುಂಗಿಬಿಡುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ? ವ್ಯಾಸದ ತಪ್ಪು ಮುಂದಿನ ಲೆಕ್ಕದಲ್ಲಿ ದೊಡ್ಡದಾಗುತ್ತದೆ. ಉಷ್ಣವಲಯದ ಮರಗಳ ನೆಲದ ಮೇಲಿನ ಒಣತೂಕ ಅಂದಾಜಿಸಲು 2014ರಲ್ಲಿ ಜೆರೋಮ್ ಶಾವ್ ಮತ್ತು ಸಂಗಡಿಗರು ಕೊಟ್ಟ ಸಮೀಕರಣ ಬಹಳ ಬಳಕೆಯಲ್ಲಿದೆ. ಮರದ ಕಟ್ಟಿಗೆಯ ಸಾಂದ್ರತೆ, ವ್ಯಾಸದ ವರ್ಗ (ವ್ಯಾಸ × ವ್ಯಾಸ), ಎತ್ತರ ಮೂರನ್ನೂ ಗುಣಿಸಿ, ಅದನ್ನು 0.976ರ ಘಾತಕ್ಕೆ ಏರಿಸಿ, 0.0673ರಿಂದ ಗುಣಿಸಬೇಕು. ವ್ಯಾಸ ವರ್ಗವಾಗಿ ಬರುವುದರಿಂದ, ಅದರಲ್ಲಿ ಶೇ. 5 ತಪ್ಪಿದರೆ ತೂಕದಲ್ಲಿ ಸುಮಾರು ಶೇ. 10 ತಪ್ಪುತ್ತದೆ. ಇಂಗಾಲದ ಲೆಕ್ಕವೂ ಅಷ್ಟೇ ತಪ್ಪುತ್ತದೆ.

ಹಂತ 7: ಉಳಿದ ಅಳತೆಗಳು

ಎತ್ತರ ಅಳೆಯುವಾಗ ಮರದ ಎತ್ತರದಷ್ಟಾದರೂ ದೂರ ನಿಲ್ಲಿ. ಹತ್ತಿರ ನಿಂತರೆ ನಿಮ್ಮ ಕಡೆ ಚಾಚಿದ ಕೊಂಬೆಯೇ ತುದಿಯಂತೆ ಕಾಣುತ್ತದೆ. ಮೇಲಿನ ತುದಿಯ ಕೋನ, ಬುಡದ ಕೋನ ಎರಡನ್ನೂ ಓದಿ. ಸಮನೆಲದಲ್ಲಿ 20 ಮೀಟರ್ ದೂರದಿಂದ ತುದಿ 45 ಡಿಗ್ರಿಯಲ್ಲಿ ಕಂಡರೆ ಮರದ ಎತ್ತರ 20 ಮೀಟರ್ ಮತ್ತು ನಿಮ್ಮ ಕಣ್ಣಿನ ಎತ್ತರ. ದಟ್ಟ ಕಾಡಿನಲ್ಲಿ ತುದಿ ಕಾಣದಿದ್ದರೆ ಊಹಿಸಿ ಬರೆಯಬೇಡಿ, "ಕಾಣಲಿಲ್ಲ" ಎಂದು ಬರೆಯಿರಿ.

ಸೂಕ್ಷ್ಮ ಬೆಳವಣಿಗೆ ಬೇಕಿದ್ದರೆ ಡೆಂಡ್ರೋಮೀಟರ್ ಬ್ಯಾಂಡ್ ಕಟ್ಟಿ. ತುಕ್ಕು ಹಿಡಿಯದ ಉಕ್ಕಿನ ಪಟ್ಟಿ, ಅದನ್ನು ಬಿಗಿಯಾಗಿ ಹಿಡಿಯುವ ಒಂದು ಸ್ಪ್ರಿಂಗ್, ಇಷ್ಟೇ. ಮರ ದಪ್ಪವಾದಂತೆ ಪಟ್ಟಿಯ ಕಿಂಡಿ ಅಗಲವಾಗುತ್ತದೆ. ವರ್ನಿಯರ್ ಕ್ಯಾಲಿಪರಿನಿಂದ ಅದನ್ನು ಅಳೆಯುತ್ತೇವೆ. ಕಿಂಡಿ 6.28 ಮಿ.ಮೀ. ಅಗಲವಾದರೆ ವ್ಯಾಸ 2 ಮಿ.ಮೀ. ಹೆಚ್ಚಿದಂತೆ. ಕಟ್ಟಿದ ಹೊಸದರಲ್ಲಿ ಪಟ್ಟಿ ತೊಗಟೆಗೆ ಹೊಂದಿಕೊಳ್ಳುತ್ತಿರುತ್ತದೆ, ಹಾಗಾಗಿ ಮೊದಲ ಋತುವಿನ ಓದಿಕೆಯನ್ನು ನಂಬುವಂತಿಲ್ಲ. ಇನ್ನೊಂದು ಸಂಗತಿ ನನಗೆ ಯಾವತ್ತೂ ಸೋಜಿಗವೇ: ಮರದ ಕಾಂಡ ದಿನವೂ ಹಿಗ್ಗುತ್ತದೆ, ಕುಗ್ಗುತ್ತದೆ. ರಾತ್ರಿ ನೀರು ತುಂಬಿಕೊಂಡು ಬೆಳಗಿನ ಹೊತ್ತಿಗೆ ದಪ್ಪ, ಮಧ್ಯಾಹ್ನ ಎಲೆಗಳಿಂದ ನೀರು ಆವಿಯಾಗುತ್ತಾ ತೆಳು. ಒಂದು ಸಲ ಬೆಳಗ್ಗೆ, ಇನ್ನೊಂದು ಸಲ ಮಧ್ಯಾಹ್ನ ಅಳೆದರೆ ಮರ ಸಣ್ಣಗಾದಂತೆ ಕಾಣಬಹುದು. ಪ್ರತಿ ಸಲವೂ ದಿನದ ಅದೇ ಹೊತ್ತಿಗೆ ಹೋಗಿ.

ವಾರ್ಷಿಕ ಉಂಗುರಗಳಿಗಾಗಿ ಇನ್‌ಕ್ರಿಮೆಂಟ್ ಬೋರರ್ (ಕಾಂಡದಿಂದ ಕೋರ್ ಎಂಬ ತೆಳು ಕಡ್ಡಿ ತೆಗೆಯುವ ಟೊಳ್ಳು ಕೊರೆಯುವ ಸಾಧನ) ಬಳಸುವುದಾದರೆ, ಇಳಿಜಾರಿನ ಮರಗಳಲ್ಲಿ ಮೇಲ್ಬದಿ, ಕೆಳಬದಿಯಿಂದ ಕೊರೆಯಬೇಡಿ. ಮರ ತನ್ನನ್ನು ನೆಟ್ಟಗೆ ನಿಲ್ಲಿಸಿಕೊಳ್ಳಲು ಅಲ್ಲಿ ಉಂಗುರಗಳನ್ನು ಅಗಲ ಅಥವಾ ಕಿರಿದು ಮಾಡಿರುತ್ತದೆ. ಪಕ್ಕದಿಂದ ಕೊರೆಯಿರಿ, ಒಂದು ಮರಕ್ಕೆ ಎರಡು ಕೋರ್ ತೆಗೆಯಿರಿ. ಕೋರನ್ನು ಕಾಗದದ ಸ್ಟ್ರಾದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಇಟ್ಟರೆ ಬೂಸ್ಟು ಹಿಡಿಯುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ರೋಗ ಸಾಗದಂತೆ ಬೋರರನ್ನು ಆಲ್ಕೋಹಾಲಿನಲ್ಲಿ ಒರೆಸಿ.

ಉದುರುವ ಎಲೆ ಅಳೆಯಲು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ಬಲೆ ಕಟ್ಟುತ್ತಾರೆ. ಅರ್ಧ ಚದರ ಮೀಟರಿನ ಬಲೆ ಸಾಮಾನ್ಯ. ಎರಡು ವಾರಕ್ಕೊಮ್ಮೆ ಖಾಲಿ ಮಾಡಿ, ಇಲ್ಲದಿದ್ದರೆ ಎಲೆ ಬಲೆಯಲ್ಲೇ ಕೊಳೆಯುತ್ತದೆ. ತೂಕ ಇಳಿಯುವುದು ನಿಲ್ಲುವವರೆಗೆ 65 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿ ತೂಗಿ.

ಮಣ್ಣಿನಲ್ಲಿ ಜನ ಸಾಮಾನ್ಯವಾಗಿ ಇಂಗಾಲದ ಪ್ರಮಾಣ ಅಳೆದು ಅಲ್ಲಿಗೇ ನಿಲ್ಲುತ್ತಾರೆ. ಮಣ್ಣಿನಲ್ಲಿ ಶೇ. 3 ಇಂಗಾಲ ಇದೆ ಎಂದರೆ ಒಂದು ಹೆಕ್ಟೇರಿನಲ್ಲಿ ಎಷ್ಟಿದೆ ಎಂದು ಹೇಳಿದಂತಾಗಲಿಲ್ಲ. ಅದಕ್ಕೆ ಮಣ್ಣಿನ ಒಟ್ಟು ಸಾಂದ್ರತೆ, ಅಂದರೆ ಇಂತಿಷ್ಟು ಗಾತ್ರದ ಮಣ್ಣಿನ ಒಣತೂಕ ಎಷ್ಟು ಎಂಬುದು ಬೇಕು. ಗೊತ್ತಿರುವ ಗಾತ್ರದ ಉಕ್ಕಿನ ಉಂಗುರವನ್ನು ಮಣ್ಣಿಗೆ ಇಳಿಸಿ, ಅದರೊಳಗಿನ ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಿ. 0–10, 10–20, 20–30 ಸೆಂ.ಮೀ. ಪದರಗಳನ್ನು ಬೇರೆ ಬೇರೆಯಾಗಿ ತೆಗೆಯಿರಿ. ಮೇಲಿನ ತರಗೆಲೆಯ ಪದರ ಮಣ್ಣಿನೊಳಗೆ ಬೆರೆಯದಂತೆ ಮೊದಲೇ ಬೇರೆ ಚೀಲಕ್ಕೆ ಹಾಕಿ.

ಮಾದರಿ ಪರೀಕ್ಷಿಸಿದ ಮೇಲೆ ಉಳಿದದ್ದನ್ನು ಎಸೆಯಬೇಡಿ. ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ವಿಶ್ವವಿದ್ಯಾಲಯದ ಸಂಶೋಧಕರು 1963ರಲ್ಲಿ ಮಳೆ ನೀರು, ತೊರೆ ನೀರನ್ನು ಸಂಗ್ರಹಿಸಲು ಶುರು ಮಾಡಿದರು. ಅವರು ಹುಡುಕುತ್ತಿದ್ದದ್ದು ಕಾಡಿನೊಳಗೆ ಪೋಷಕಾಂಶಗಳು ಹೇಗೆ ಬಂದು ಹೋಗುತ್ತವೆ ಎಂಬುದನ್ನು. ಸಿಕ್ಕಿದ್ದು ಆಮ್ಲಮಳೆ. ಆಮೇಲೆ ಮಳೆಯ ಆಮ್ಲೀಯತೆ ಇಳಿಯುತ್ತಿದೆ ಎಂದು ತೋರಿಸಲೂ ಅದೇ ದಾಖಲೆಯ ಮುಂದಿನ ದಶಕಗಳು ಬೇಕಾದವು. ಅಲ್ಲಿ ಹಳೆಯ ಮಾದರಿಗಳನ್ನು ಲೇಬಲ್ ಹಚ್ಚಿ ಕಾಪಿಟ್ಟಿದ್ದಾರೆ, ಹೊಸ ಪ್ರಶ್ನೆ ಬಂದಾಗ ಮತ್ತೆ ತೆರೆಯಲು.

ಕಾಡಿನಲ್ಲಿ ಕೆಲಸದ ದಿನ

ಒಬ್ಬರೇ ಹೋಗಬೇಡಿ. ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಎಂದು ಕೇಂದ್ರದ ಪುಸ್ತಕದಲ್ಲಿ ಬರೆದು ಹೋಗಿ. ಹೆಲ್ಮೆಟ್ ಹಾಕಿಕೊಳ್ಳಿ. ಕಾಡಿನಲ್ಲಿ ಜನ ಪ್ರಾಣಿಗಳಿಗೆ ಹೆದರುತ್ತಾರೆ, ತಲೆಯ ಮೇಲೆ ನೇತಾಡುವ ಒಣ ಕೊಂಬೆ ಕಣ್ಣಿಗೇ ಬೀಳುವುದಿಲ್ಲ. ಗಾಳಿ ಜೋರಾದರೆ, ಗುಡುಗು ಕೇಳಿದರೆ ಎಷ್ಟೇ ಮರ ಬಾಕಿ ಇದ್ದರೂ ಹೊರಟುಬಿಡಿ. ಸಂಜೆ ಮೈಮೇಲೆ ಉಣುಗು ಕಚ್ಚಿದೆಯಾ ನೋಡಿಕೊಳ್ಳಿ.

ಒಬ್ಬರು ಅಳೆದು ಗಟ್ಟಿಯಾಗಿ ಹೇಳಲಿ, ಬರೆಯುವವರು ಅದನ್ನು ಮರಳಿ ಹೇಳಿ ಆಮೇಲೆ ಬರೆಯಲಿ. "ಹದಿನಾರು"ಗೂ "ಅರವತ್ತಾರು"ಗೂ ಕಾಡಿನ ಸದ್ದಿನಲ್ಲಿ ಗೊಂದಲವಾಗುತ್ತದೆ.

ಹಂತ 8: ಹಾಳೆ ಮತ್ತು ಡೇಟಾ

ನೀರು ತಾಗಿದರೂ ಹಾಳಾಗದ ಕಾಗದದಲ್ಲಿ ಪೆನ್ಸಿಲಿನಿಂದ ಬರೆಯಿರಿ. ತಪ್ಪಾದರೆ ರಬ್ಬರ್ ಬೇಡ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಮೊದಲು ಏನು ಬರೆದಿರಿ ಎಂಬುದೂ ಮುಂದೆ ಬೇಕಾಗಬಹುದು.

ಹಿಂದಿನ ಅಳತೆಯನ್ನು ಹಾಳೆಯಲ್ಲಿ ಮುದ್ರಿಸಿಕೊಂಡು ಹೋಗಬೇಕಾ ಬೇಡವಾ ಎಂಬ ಚರ್ಚೆ ಇದೆ. ಇದ್ದರೆ ದೊಡ್ಡ ತಪ್ಪನ್ನು ಅಲ್ಲೇ ಹಿಡಿಯಬಹುದು. ಆದರೆ ಅದನ್ನು ನೋಡಿದ ಮೇಲೆ ನಮ್ಮ ಓದಿಕೆ ಅದರ ಕಡೆಗೇ ವಾಲುತ್ತದೆ. ನನ್ನ ಸಲಹೆ, ಹಿಂದಿನ ಅಂಕಿಗಳು ಬೇರೆ ಹಾಳೆಯಲ್ಲಿ ಚೀಲದಲ್ಲಿರಲಿ. ಮೊದಲು ಅಳೆದು ಬರೆಯಿರಿ, ಆಮೇಲೆ ತೆಗೆದು ಹೋಲಿಸಿ. ಮರ ಸಣ್ಣಗಾಗಿದ್ದರೆ ಅಥವಾ ನಂಬಲಾಗದಷ್ಟು ಬೆಳೆದಿದ್ದರೆ ಮತ್ತೊಮ್ಮೆ ಟೇಪು ಸುತ್ತಿ. ಎರಡನೇ ಸಲವೂ ಅಷ್ಟೇ ಬಂದರೆ ಹಾಗೇ ಬರೆದು, "ಮರುಪರಿಶೀಲಿಸಿದೆ" ಎಂದು ಸೇರಿಸಿ. ಬೆಳವಣಿಗೆ ಋಣವಾಗಿ ಬಂತೆಂದು ಅಂಕಿಯನ್ನು ತಿದ್ದುವುದು ದೊಡ್ಡ ಅನ್ಯಾಯ. ತೊಗಟೆ ಉದುರಿರಬಹುದು, ಮರ ಸಾಯುತ್ತಿರಬಹುದು.

ಸೊನ್ನೆಗೂ "ಅಳೆದಿಲ್ಲ"ಕ್ಕೂ ಬೇರೆ ಬೇರೆ ಗುರುತು ಬಳಸಿ. ಬಲೆಯಲ್ಲಿ ಬೀಜ ಬೀಳಲಿಲ್ಲ ಎಂಬುದು ಸೊನ್ನೆ. ಬಲೆ ಹರಿದುಹೋಗಿತ್ತು ಎಂಬುದು ಸೊನ್ನೆ ಅಲ್ಲ. ದಿನಾಂಕವನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಎಲ್ಲ ಕಡೆ ಬರೆಯಿರಿ: 2025-03-07. ಇಲ್ಲದಿದ್ದರೆ ಒಬ್ಬರಿಗೆ ಅದು ಮಾರ್ಚ್, ಇನ್ನೊಬ್ಬರಿಗೆ ಜುಲೈ.

ಅದೇ ಸಂಜೆ ಹಾಳೆಗಳ ಫೋಟೊ ತೆಗೆಯಿರಿ. ಎಷ್ಟೇ ದಣಿದಿದ್ದರೂ ಅದೇ ವಾರ ಕಂಪ್ಯೂಟರಿಗೆ ಏರಿಸಿ, ನೆನಪು ಹಸಿಯಾಗಿರುವಾಗ. ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡಿ ಹೋಲಿಸಿದರೆ ಬೆರಳಚ್ಚಿನ ತಪ್ಪು ಬಹುಪಾಲು ಸಿಗುತ್ತದೆ. ಮೂಲ ಕಡತವನ್ನು ಯಾವತ್ತೂ ತಿದ್ದಬೇಡಿ. ತಿದ್ದುಪಡಿಗಳೆಲ್ಲ ಪ್ರತಿಯ ಮೇಲೆ, ಯಾಕೆ ತಿದ್ದಿದಿರಿ ಎಂಬ ಟಿಪ್ಪಣಿಯ ಜೊತೆ.

ಹತ್ತರಲ್ಲಿ ಒಂದು ಮರವನ್ನು ಬೇರೊಬ್ಬರು, ಮೊದಲ ಅಳತೆ ನೋಡದೆ, ಮತ್ತೆ ಅಳೆಯಲಿ. ಎರಡರ ವ್ಯತ್ಯಾಸವೇ ನಿಮ್ಮ ಅಳತೆಯ ತಪ್ಪಿನ ಪ್ರಮಾಣ. ಅದನ್ನು ಪ್ರಬಂಧದಲ್ಲಿ ಧೈರ್ಯವಾಗಿ ಬರೆಯಿರಿ. ಎರಡನೇ ಹಂತದಲ್ಲಿ ಹಾಕಿದ ಲೆಕ್ಕ ಸರಿಯಿತ್ತಾ ಎಂಬುದು ಗೊತ್ತಾಗುವುದೂ ಇದರಿಂದಲೇ.

ವಿಶ್ಲೇಷಣೆ ಬಗ್ಗೆ ಒಂದೇ ಮಾತು. ವಿನ್ಯಾಸದಲ್ಲಿ ಬ್ಲಾಕ್ ಇದ್ದರೆ ಲೆಕ್ಕದಲ್ಲೂ ಬ್ಲಾಕ್ ಇರಬೇಕು. ಪ್ಲಾಟಿಗೆ ಥಿನ್ನಿಂಗ್ ಮಾಡಿದ್ದರೆ ಎಣಿಕೆಗೆ ಬರುವುದು ಪ್ಲಾಟುಗಳು, ಮರಗಳಲ್ಲ.

ಹಂತ 9: ಕೇಂದ್ರಕ್ಕೆ ಒಪ್ಪಿಸುವುದು

ಪ್ರಬಂಧ ಪ್ರಕಟವಾದ ಕೂಡಲೇ ಎಲ್ಲರೂ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಕಾಡಿನಲ್ಲಿ ಮಾತ್ರ ನಿಮ್ಮ ಗೂಟ, ಹಗ್ಗ, ಬಣ್ಣದ ಪಟ್ಟಿಗಳು ಉಳಿಯುತ್ತವೆ. ಹಾಗಾಗಿ ಕೊನೆಯ ಎರಡು ವಾರವನ್ನು ಇದಕ್ಕೇ ಎಂದು ಮೊದಲೇ ಎತ್ತಿಡಿ.

ತಾತ್ಕಾಲಿಕ ಪ್ಲಾಸ್ಟಿಕ್ ಪಟ್ಟಿ, ಹಗ್ಗ, ಹರಿದ ಬಲೆ ಎಲ್ಲವನ್ನೂ ಬಿಚ್ಚಿ ತನ್ನಿ. ತೋಡಿದ ಗುಂಡಿಗಳನ್ನು ಮುಚ್ಚಿ. ಮರದ ಟ್ಯಾಗ್, ಮೂಲೆಯ ಗೂಟಗಳನ್ನು ಉಳಿಸಬೇಕಾ ಎಂದು ಉಸ್ತುವಾರಿ ನೋಡಿಕೊಳ್ಳುವವರನ್ನು ಕೇಳಿ. ಸಾಮಾನ್ಯವಾಗಿ ಉಳಿಸಿ ಎನ್ನುತ್ತಾರೆ.

ಕೊಡಬೇಕಾದ ಕಡತದಲ್ಲಿ ಮೂಲ ಡೇಟಾ, ತಿದ್ದಿದ ಡೇಟಾ, ಹಾಳೆಗಳ ಫೋಟೊ, ಪ್ಲಾಟಿನ ನಕ್ಷೆ, ಮತ್ತು ಪ್ರತಿ ಅಂಕಣ ಏನನ್ನು ಯಾವ ಮಾನದಲ್ಲಿ ಹೇಳುತ್ತದೆ ಎಂಬ ವಿವರಣೆ ಇರಬೇಕು. ಯಾವುದೋ ಒಂದು ತಂತ್ರಾಂಶದಲ್ಲಿ ಮಾತ್ರ ತೆರೆಯುವ ಕಡತ ಬೇಡ. ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ ಎಲ್ಲಿ ಬೇಕಾದರೂ ತೆರೆಯುತ್ತದೆ. ಒಪ್ಪಿಸುವ ಮುಂಚೆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ವಿದ್ಯಾರ್ಥಿಗೆ ಆ ಕಡತ ಮಾತ್ರ ಕೊಟ್ಟು, ಒಂದು ಪ್ಲಾಟಿನ ಮೂಲೆ ಹುಡುಕಿ ಮೂರು ಮರ ಅಳೆದು ಬರಲು ಹೇಳಿ. ನೀವು ಜೊತೆಗೆ ಹೋಗಬೇಡಿ. ಅವರು ಎಲ್ಲಿ ದಾರಿ ತಪ್ಪಿದರು, ಯಾವ ಅಂಕಣ ಅರ್ಥವಾಗಲಿಲ್ಲ ಎಂದು ಕೇಳಿ, ಅಷ್ಟನ್ನೂ ವಿವರಣೆಯಲ್ಲಿ ಸೇರಿಸಿ, ಆಮೇಲೆ ಒಪ್ಪಿಸಿ.